ತಲೆ ತಿರುಗದ ಸ್ಕ್ರೂ

ಅಣ್ಣ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಎನ್.ಆರ್. ಕಾಲೋನಿಯ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕ್ ತೊಳೆದು ಏಣಿ ಇಳಿಯುತ್ತಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಿಸಿಲಿಗೆ ತಲೆ ತಿರುಗಿ ಹಿಂದಕ್ಕೆ ವಾಲಿದ. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬೆನ್ನು ಬಡಿಯಿತು. ಆ ಕ್ಷಣ ನನ್ನನ್ನು ಈಗ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಆಮೇಲೆ ನಾನು ಮಾಡಿದ್ದು.

ಯಾರಾದರೂ ಬಿದ್ದರೆ ನಮ್ಮಲ್ಲಿ ಮೊದಲು ಎತ್ತಿ ಕೂರಿಸಿ ನೀರು ಕುಡಿಸುತ್ತಾರೆ. ನಾನೂ ಅವನ ಕಂಕುಳಿಗೆ ಕೈ ಹಾಕಿ ಅರ್ಧ ಎತ್ತಿದೆ.

“ಬಿಡು, ಬಿಡು. ಕಾಲು ಜುಮ್ ಅಂತಿದೆ” ಅಂದ.

ಹೆದರಿ ಮೆಲ್ಲಗೆ ಮಲಗಿಸಿದೆ. ಆಂಬುಲೆನ್ಸ್ ಬರುವವರೆಗೆ ಮತ್ತೆ ಮುಟ್ಟಲಿಲ್ಲ.

ಬೆನ್ನುಮೂಳೆಯ ಒಂದು ಭಾಗ ಒಡೆದು ಕುಸಿದಿತ್ತು. ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ. ಮರುದಿನ ಡಾಕ್ಟರು, ಆಪರೇಷನ್ ಮಾಡಿ ಬೆನ್ನುಮೂಳೆಗೆ ಹಾಕುವ ಎರಡು ಮಾದರಿ ಸ್ಕ್ರೂಗಳನ್ನು ಹಾಸಿಗೆಯ ಬಳಿಗೇ ತಂದರು. ಒಂದರ ತಲೆ ಮೈಗೆ ಬೆಸೆದುಕೊಂಡಿತ್ತು. ಇನ್ನೊಂದರ ತಲೆ ಎಲ್ಲ ಕಡೆಗೂ ತಿರುಗುತ್ತಿತ್ತು. ಪೇಟೆಯಲ್ಲಿ ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದ ನಮ್ಮ ದೊಡ್ಡಪ್ಪ ಎರಡನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿದರು.

“ತಿರುಗೋದೇ ಹಾಕಿ ಸಾರ್. ಸ್ವಲ್ಪ ಮಿಸುಕಾಡೋ ಹಾಗಿದ್ರೆ ಬಾಳಿಕೆ ಬರುತ್ತೆ.”

“ಸ್ಕ್ರೂಗಳನ್ನ ಜೋಡಿಸೋ ರಾಡ್ ಕೂರಿಸೋಕೆ ಅದೇ ಸುಲಭ ಯಜಮಾನ್ರೇ. ಎಷ್ಟೋ ಜನಕ್ಕೆ ಅದನ್ನೇ ಹಾಕ್ತೀವಿ. ಆದ್ರೆ ಇಲ್ಲಿ ಕುಸಿದಿರೋ ಮೂಳೇನ ಎತ್ತಿ ನಿಲ್ಲಿಸ್ಬೇಕು. ತಲೆ ಸ್ವಲ್ಪ ಜಾರಿದ್ರೂ ಎತ್ತಿದ್ದು ಮತ್ತೆ ಕುಸೀಬಹುದು. ಇವರಿಗೆ ತಿರುಗದೇ ಇರೋದೇ ವಾಸಿ ಅನ್ಸುತ್ತೆ.”

ಮಲಗಿದ್ದಲ್ಲಿಂದಲೇ ಅಣ್ಣ ಬಾಯಿ ಹಾಕಿದ. “ಅದನ್ನೇ ಹಾಕಿ ಡಾಕ್ಟ್ರೇ. ತಲೆ ತಿರುಗಿಯೇ ಈ ಗತಿ ಬಂದಿದ್ದು.”

ದೊಡ್ಡಪ್ಪನಿಗೂ ನಗು ಬಂತು. ಡಾಕ್ಟರು ನಗುತ್ತಲೇ, “ಒಟ್ನಲ್ಲಿ ಮುರಿದಿದ್ದು ಅಲ್ಲಾಡಬಾರದು, ಅಷ್ಟೇ” ಅಂದರು.

ನನಗೆ ನಗಲಾಗಲಿಲ್ಲ. ನನ್ನ ಕೈಯಲ್ಲಿ ಅವನ ಭಾರ ಮತ್ತೆ ಬಂದು ಕೂತ ಹಾಗಾಯಿತು. ಡಾಕ್ಟರ ಹಿಂದೆಯೇ ಹೊರಗೆ ಹೋಗಿ ಕೇಳಿದೆ: ನಾನು ಎತ್ತಿದ್ದರಿಂದಲೇ ಬೆರಳಿನ ಸ್ವಾಧೀನ ಹೋಯಿತೇ?

ಅವರು ಕೂಡಲೇ ಇಲ್ಲ ಅನ್ನಲಿಲ್ಲ. “ಎತ್ತಬಾರದಿತ್ತಮ್ಮ. ಬಿದ್ದಾಗಲೇ ಆಗಿದ್ದೋ ಆಮೇಲೆ ಆಗಿದ್ದೋ, ಈಗ ಯಾರೂ ಹೇಳೋಕಾಗಲ್ಲ. ವಾಪಸ್ ಮಲಗಿಸಿದ್ದು ಒಳ್ಳೇದಾಯ್ತು.”

ತಿರುಗದ ಸ್ಕ್ರೂಗಳನ್ನೇ ಹಾಕಿದರು. ಎಕ್ಸ್‌ರೇಯಲ್ಲಿ ಅವು ನೆಟ್ಟಗೆ ಕಂಡವು. ಕೆಲವು ದಿನ ಕಳೆದ ಮೇಲೆ ಬೆನ್ನಿಗೆ ಬೆಲ್ಟ್ ಕಟ್ಟಿ ಅವನನ್ನು ಕೂರಿಸುವಾಗ, ಒಂದು ಭುಜ ಹಿಡಿಯಿರಿ ಎಂದು ನರ್ಸ್ ನನ್ನನ್ನು ಕರೆದರು. ನಾನು ನಿಂತೇ ಇದ್ದೆ.

“ಬಾರೇ. ಅವತ್ತು ಕರೀದೇನೇ ಬಂದು ಎತ್ತಿದ್ದೆ” ಅಂದ ಅಣ್ಣ, ತಮಾಷೆಗೆ.

ನರ್ಸ್ ಹೋದ ಮೇಲೆ, ಡಾಕ್ಟರನ್ನು ಕೇಳಿದ್ದು, ಅವರು ಹೇಳಿದ್ದು ಎಲ್ಲವನ್ನೂ ಅವನಿಗೆ ಹೇಳಿಬಿಟ್ಟೆ. ಅವನು ತನ್ನ ಬಲಗಾಲನ್ನು ನೋಡಿಕೊಂಡ.

“ನೀನು ಎತ್ತದೇ ಇದ್ದಿದ್ರೆ ನಾನೇ ಎದ್ದು ಕೂರೋಕೆ ಹೋಗ್ತಿದ್ದೆ” ಅಂದ.

ಅದು ನಿಜವೋ, ನನಗಾಗಿ ಹೇಳಿದ್ದೋ ಎಂದು ಕೇಳಲಿಲ್ಲ. ಈಗ ನಡೆಯುತ್ತಾನೆ. ಹೆಬ್ಬೆರಳಿಗೆ ಹಿಡಿತವಿಲ್ಲದೆ ಬಲಗಾಲಿಗೆ ಮಾತ್ರ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ.