ಲಿಫ್ಟಿನೊಳಗೆ ನಾವು ಮೂವರೇ ಇದ್ದೆವು

ನಮ್ಮೂರು ಹರವೆಯಲ್ಲಿ ಯಾರಿಗೋ ಗಾಳಿ ಸೋಕಿತಂತೆ ಎಂದರೆ ಮೊದಲು ನಗುತ್ತಿದ್ದವಳು ನಾನು. ಈಗಲೂ ಅಂಥ ಮಾತು ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನನಗೇ ಆದದ್ದನ್ನು ಏನೆಂದು ಕರೆಯಲಿ, ನೀವೇ ಹೇಳಿ.

ಆಗ ಬದನಗುಪ್ಪೆಯ ಒಂದು ಬಟ್ಟೆ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾದೇವಿ, ರತ್ನಮ್ಮ ನನ್ನ ಜೊತೆಯವರು. ಒಂದೇ ಬಸ್ಸು, ಒಂದೇ ಸಾಲಿನ ಮಿಷನ್ನು. ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಗೇಟಿನ ಕಡೆ ಹೊರಟಿದ್ದರು. ಉಳಿದ ಬಟ್ಟೆ ಮೂಟೆಗಳನ್ನು ಇಳಿಸಲು ನಾವು ಮೂವರೂ ಸರಕಿನ ಲಿಫ್ಟ್ ಹತ್ತಿದೆವು. ಮೇಲಿನ ಮಹಡಿಯ ಕಂಬಿ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಾಗೇ ಬಿಟ್ಟೆವು. ಲಿಫ್ಟ್ ಆಳೆತ್ತರದಷ್ಟು ಇಳಿದು ನಿಂತುಬಿಟ್ಟಿತು. ಕರೆಂಟ್ ಹೋಗಿತ್ತು.

ಎದುರಿಗೆ ಸಿಮೆಂಟ್ ಗೋಡೆ. ಅದು ಮುಗಿದಲ್ಲಿ, ತಲೆಯ ಮೇಲೆ, ಮಹಡಿಯ ನೆಲಕ್ಕೂ ಲಿಫ್ಟಿನ ಚಾವಣಿಗೂ ನಡುವೆ ಒಬ್ಬರು ನುಸುಳುವಷ್ಟು ಸಂದು. ಕೂಗಿದೆವು, ತಗಡು ಬಡಿದೆವು. ಯಾರೂ ಬರಲಿಲ್ಲ. ಫೋನುಗಳೆಲ್ಲ ಗೇಟಿನಲ್ಲಿ. ನೂಲಿನ ಧೂಳಿಗೆ ರತ್ನಮ್ಮನ ಉಬ್ಬಸ ಕೆರಳಿತು. ಅವಳ ಔಷಧಿಯೂ ಗೇಟಿನಲ್ಲಿಟ್ಟ ಬ್ಯಾಗಿನಲ್ಲೇ. ತುಟಿ ನೀಲಿಯಾಗಿ, ಮೂಟೆಗೊರಗಿ ಕುಸಿದಳು.

“ಇವ್ಳು ಉಳಿಯಲ್ಲ ಕಣಮ್ಮಿ. ನನ್ ಕೈ ಮೇಲೆ ಕಾಲಿಟ್ಟು ಅತ್ಬುಡು, ಓಗಿ ಯಾರ್ನಾದ್ರೂ ಕರ್ಕಬಾ,” ಎನ್ನುತ್ತ ಮಾದೇವಿ ಮಂಡಿಯೂರಿ ಎರಡೂ ಅಂಗೈ ಹೆಣೆದು ಹಿಡಿದಳು.

ಹತ್ತಿದೆ. ತಲೆ, ಭುಜ ಸಂದಿನಿಂದ ಆಚೆ ಹೋದವು. ಎದೆ ಮಹಡಿಯ ಅಂಚಿಗೆ ಒತ್ತಿತ್ತು. ಇನ್ನೇನು ಮೈ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಯಾರೋ ಎರಡೂ ಕೈಯಲ್ಲಿ ನನ್ನ ಸೊಂಟ ಹಿಡಿದು ಕೆಳಕ್ಕೆ ಜಗ್ಗಿದರು. ಧೊಪ್ಪನೆ ಮೂಟೆಗಳ ಮೇಲೆ ಬಿದ್ದೆ. ಬೈಯಲು ಬಾಯಿ ತೆರೆಯುವುದರೊಳಗೆ ಕರೆಂಟ್ ಬಂತು. ಲಿಫ್ಟ್ ಧಡಕ್ಕನೆ ಇಳಿಯಿತು. ನಾನು ತಲೆ ತೂರಿಸಿದ್ದ ಸಂದು ಕಣ್ಣೆದುರೇ ಮುಚ್ಚಿಹೋಯಿತು.

ಕೆಳಗೆ ಬಂದೊಡನೆ ರತ್ನಮ್ಮನನ್ನು ಹೊತ್ತು ಗೇಟಿಗೆ ಓಡಿದೆವು. ಔಷಧಿ ಎಳೆದುಕೊಂಡು ಅವಳ ಉಸಿರು ಹದಕ್ಕೆ ಬಂದ ಮೇಲೆ ನಾನು ಮಾದೇವಿಯ ಕೈ ಹಿಡಿದುಕೊಂಡೆ.

“ನೀ ಎಳೀದೆ ಓಗಿದ್ರೆ ನಾ ಎಲ್ಡು ತುಂಡಾಗ್ತಿದ್ದೆ ಕಣಮ್ಮಿ.”

ಅವಳು ನನ್ನ ಮುಖವನ್ನೇ ನೋಡಿದಳು. “ನಾ ಎಲ್ಲಮ್ಮಿ ಎಳೆದೆ? ನನ್ನೆಲ್ಡು ಕೈಯೂ ನಿನ್ ಕಾಲಡೀಲಿದ್ವಲ್ಲ. ನೀನೇ ಇಳಿದ್ಬುಟ್ಟೆ ಅನ್ಕಂಡೆ.”

ರತ್ನಮ್ಮನಿಗೋ, ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ.

ಕಾಲು ಜಾರಿರಬೇಕು ಎನ್ನುತ್ತಾರೆ ನಮ್ಮ ಯಜಮಾನರು. ಇರಬಹುದು ಎನ್ನುತ್ತೇನೆ ನಾನೂ. ಆದರೆ ಜಾರಿದ್ದರೆ ಮೊದಲು ಕಾಲಿಗೆ ಗೊತ್ತಾಗಬೇಕಿತ್ತು; ಅದು ಮಾದೇವಿಯ ಅಂಗೈಯಲ್ಲಿ ಗಟ್ಟಿಯಾಗಿ ಊರಿತ್ತು. ಸೊಂಟದ ಎರಡೂ ಪಕ್ಕ ಬೆರಳುಗಳು ಒತ್ತಿದ್ದು ಇವತ್ತಿಗೂ ನೆನಪಿದೆ. ಬೆಚ್ಚಗಿದ್ದವು. ಯಾರವು ಎಂದು ಮಾತ್ರ ನನಗೆ ಗೊತ್ತಿಲ್ಲ.