ಪ್ಯಾನೆಲಿನ ಒಳಗಡೆ ವಾಸಣ್ಣ

ವಾಸಣ್ಣ ಯಾವ ಮಷೀನಿನ ಎದುರಿಗೂ ಮೊದಲು ನಿಂತವರಲ್ಲ. ಬಂದವರೇ ಅದರ ಬೆನ್ನ ಹಿಂದೆ ಹೋಗುತ್ತಿದ್ದರು. ಮನೆಯವರು ಗಾಜಿನ ಬಾಗಿಲು ತೆರೆದು, ದೀಪ ಹಾಕಿ, ಸಾಲಾಗಿ ಮಲಗಿಸಿದ ವೈನ್ ಬಾಟಲಿಗಳನ್ನು ತೋರಿಸುತ್ತಿದ್ದರೆ ಇವರು ಗೋಡೆಯ ಆಚೆ ಬದಿಯಲ್ಲಿ ಅಂಗೈ ಚಾಚಿ, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತಿದೆ ಎಂದು ಹುಡುಕುತ್ತಿದ್ದರು. "ಎದುರಿಂದ ಎಲ್ಲ ಮಷೀನೂ ಮರ್ಯಾದಸ್ಥರೇ ಮಾರಾಯ್ತಿ. ಹಿಂದೆ ಹೋಗಿ ನೋಡ್ಬೇಕು" ಎನ್ನುತ್ತಿದ್ದರು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮ ಕಂಪನಿ. ಶ್ರೀಮಂತರ ಮನೆಯಲ್ಲಿ ವೈನ್ ಇಡುವ ಕೋಣೆಗೆ ತಂಪಿನ ಮಷೀನು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅದರ ಕೆಲಸ. ವಾಸಣ್ಣ ಹಿರಿಯ ಮೆಕ್ಯಾನಿಕ್, ನಾನು ಫೋನಿನಲ್ಲಿ ಕಂಪ್ಲೇಂಟ್ ಬರೆದುಕೊಳ್ಳುವವಳು. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅವರದು ಉಡುಪಿ ಕಡೆಯ ಕನ್ನಡ, ನನ್ನದು ಮೈಸೂರಿನಿಂದ ಬಂದು ವಿಲೆ ಪಾರ್ಲೆಯಲ್ಲಿ ನೆಲೆಸಿದ ಮನೆಯದು. ಭಾಂಡುಪಿನ ಚಾಳಿನಿಂದ ಎರಡು ಲೋಕಲ್ ಬದಲಿಸಿ ಬರುತ್ತಿದ್ದ ಅವರು ವೈನಿನ ಒಂದು ಹನಿಯನ್ನೂ ಬಾಯಿಗೆ ಹಾಕಿದವರಲ್ಲ. "ನಮ್ಮ ಖೋಲಿಯಲ್ಲಿ ನಾಲ್ಕು ಜನಕ್ಕೆ ಒಂದು ಫ್ಯಾನ್. ಈ ದ್ರಾಕ್ಷಿ ನೀರಿಗೆ ಹನ್ನೆರಡು ಡಿಗ್ರಿ ಬೇಕಂತೆ!"

ಫೋನ್ ಎತ್ತುವವಳಿಗೂ ರೋಗ ಗೊತ್ತಿರಬೇಕೆಂದು ಸೇರಿದ ಹೊಸತರಲ್ಲಿ ನನ್ನನ್ನೂ ನಾಲ್ಕು ಮನೆಗೆ ಕರೆದುಕೊಂಡು ಹೋದರು. ಜೇಬಿನಿಂದ ಕನ್ನಡ ಪೇಪರಿನ ತುಂಡೊಂದನ್ನು ತೆಗೆದು, ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ, ಎಳೆಯಲು ಹೇಳಿದರು. ಸುಲಭವಾಗಿ ಬಂದರೆ ಬಾಗಿಲಿನ ರಬ್ಬರು ಸತ್ತಿದೆ ಎಂದರ್ಥ. ಒಂದು ಕಡೆ ಮನೆಯಾತ ಇನ್ನೂ ತಂಪಾಗಲಿ ಎಂದು ಐದು ಡಿಗ್ರಿಗೆ ಇಳಿಸಿದ್ದ; ಮಷೀನಿನೊಳಗಿನ ತಂಪು ಕಾಯಿಲಿನ ಮೇಲೆ ಐಸು ಕಟ್ಟಿ, ಗಾಳಿ ನಿಂತು, ಕೋಣೆ ಬೆಚ್ಚಗಾಗಿತ್ತು. "ಆಸೆ ಜಾಸ್ತಿಯಾದ್ರೆ ಐಸು ಕಟ್ತದೆ" ಎಂದು ಕನ್ನಡದಲ್ಲಿ ನನಗೆ ಹೇಳಿ, ಆತನಿಗೆ ಹಿಂದಿಯಲ್ಲಿ ಬೇರೇನೋ ಹೇಳಿದರು. ಕೆಲಸ ಮುಗಿದ ಮೇಲೆ ಪ್ಯಾನೆಲಿನ ಒಳಬದಿಗೆ ಬಿಳಿ ಟೇಪು ಅಂಟಿಸಿ, ಇದ್ದ ರೋಗವನ್ನೂ ತಾರೀಖನ್ನೂ ಮಾರ್ಕರಿನಿಂದ ಬರೆದರು, ಅದೂ ಕನ್ನಡದಲ್ಲಿ. ಅಕ್ಷರಗಳು ಅಚ್ಚಿಗೆ ಹಾಕಿದ ಹಾಗೆ ದುಂಡಗಿದ್ದವು.

ಇಷ್ಟು ಒಳ್ಳೆಯ ಮನುಷ್ಯ ಹಗೆಯಲ್ಲಿ ಮಾತ್ರ ಘಾಟಿ. ಎಸ್ಟೇಟಿನ ಪಕ್ಕದ ಹೋಟೆಲಿನಲ್ಲಿ ಯಾರೋ ಒಮ್ಮೆ ಅವರನ್ನು ಹಿಂಬಾಗಿಲಲ್ಲಿ ನಿಲ್ಲಿಸಿ ತಣ್ಣಗಾದ ಸಾಂಬಾರ್ ಬಡಿಸಿದ್ದರಂತೆ. ಹನ್ನೊಂದು ವರ್ಷ ಊಟಕ್ಕೆಂದು ಅದರ ಮೆಟ್ಟಿಲು ತುಳಿಯಲಿಲ್ಲ. ಆ ಹೋಟೆಲಿನ ಫ್ರಿಜ್ ಕೆಟ್ಟಾಗ ಹೋಗಿ, ಸರಿಮಾಡಿ, ಕೊಟ್ಟ ನೀರನ್ನೂ ಮುಟ್ಟದೆ ಬಂದರು. ನಾನು ನಕ್ಕರೆ, "ಹಾವಿನ ಹಗೆ ಹನ್ನೆರಡು ವರ್ಷ ಅಂತಾರೆ. ನನ್ನದು ಹನ್ನೆರಡು ಡಿಗ್ರಿ. ಹಾಳಾಗುದಿಲ್ಲ" ಎಂದರು.

ಇನ್ನು ನಮ್ಮ ಸಾಹೇಬ, ಕಂಪನಿಯ ಧಣಿ. ಅವನಿಗೆ ಬಹುವಚನ ಬರೆಯಲು ನನಗೆ ಕೈ ಬರುವುದಿಲ್ಲ. ಪಾರ್ಲೆಯ ಒಬ್ಬ ವಕೀಲ ಮೇಡಂ ಮನೆಯಲ್ಲಿ ಅವನು ಮಷೀನನ್ನು ಛಾವಣಿಯಡಿಯ ಲಾಫ್ಟಿನೊಳಗೆ ಕೂರಿಸಿ, ಬೇಗ ಮುಗಿಸುವ ಅವಸರದಲ್ಲಿ ಲಾಫ್ಟನ್ನು ಪ್ಲೈವುಡ್ಡಿನಿಂದ ಪೂರ್ತಿ ಮುಚ್ಚಿಸಿದ. ಬಿಸಿಗಾಳಿ ಹೊರಹೋಗಲು ತೂತುಗಳ ಒಂದು ಜಾಲಿ ಬೇಕೇ ಬೇಕೆಂದು ವಾಸಣ್ಣ ಎರಡು ಸಲ ಹೇಳಿದರು. ಕೇಳಲಿಲ್ಲ. ಬೇಸಿಗೆಯಲ್ಲಿ ಕಂಪ್ರೆಸರ್ ಸುಟ್ಟಿತು, ವೈನೆಲ್ಲ ಹಾಳಾಯಿತು. ಸಾಹೇಬ ವರ್ಕ್‌ಶಾಪಿನಲ್ಲಿ ಐದು ಜನರನ್ನು ನಿಲ್ಲಿಸಿಕೊಂಡು, ಅವರೆಲ್ಲರ ಎದುರು "ಬುಡ್ಢೇ ಕಾ ಹಾಥ್ ಕಾಂಪ್ತಾ ಹೈ" ಎಂದ. ಮುದುಕನ ಕೈ ನಡುಗುತ್ತದೆ, ಗ್ಯಾಸು ಹೆಚ್ಚು ತುಂಬಿಸಿ ಕೆಡಿಸಿದ, ನಾಳೆಯಿಂದ ಬರುವುದು ಬೇಡ ಎಂದ. ಮೇಡಂಗೂ ಅದನ್ನೇ ಹೇಳಿದ.

ವಾಸಣ್ಣ ಚೀಲ ಎತ್ತಿಕೊಂಡು ನನ್ನ ಟೇಬಲಿನ ಹತ್ತಿರ ಬಂದು, "ಪ್ಯಾನೆಲಿನ ಒಳಗೆ ಉಂಟು" ಎಂದಷ್ಟೇ ಹೇಳಿ ಹೋದರು. ಮುಂಬಯಿ ದೊಡ್ಡದು, ಈ ಕಸುಬಿನವರ ಲೋಕ ಅಂಗೈಯಗಲ. ಕೈ ನಡುಗುವವನೆಂಬ ಹೆಸರು ಅವರಿಗಿಂತ ಮೊದಲೇ ಎಲ್ಲ ಬಾಗಿಲಿಗೂ ಹೋಗಿತ್ತು. ಯಾರೂ ಕೆಲಸ ಕೊಡಲಿಲ್ಲ. ನನಗೆ ಸಂಬಳ ಬೇಕಿತ್ತು. ಬಾಯಿ ಮುಚ್ಚಿಕೊಂಡು ಎರಡು ವರ್ಷ ಕೂತೆ. ಸಾಹೇಬನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ಅದೇ ಮನೆಯಲ್ಲಿ ಮತ್ತೆ ಕಂಪ್ರೆಸರ್ ಸುಟ್ಟಿತು. ಮೇಡಂ ಈ ಸಲ ಹಳೆಯ ಫೈಲೆಲ್ಲ ತರಬೇಕೆಂದು ಸಾಹೇಬನನ್ನೇ ಕರೆಸಿದರು. ಫೈಲು ಹೊರಲು ನಾನು ಹೋದೆ. ಹೊಸ ಮೆಕ್ಯಾನಿಕ್ ಏಣಿ ಹತ್ತುತ್ತಿದ್ದಂತೆ ಸಾಹೇಬ ಹಳೆಯ ಹಾಡು ಶುರುಮಾಡಿದ: ಆ ಮುದುಕ ಅವತ್ತು ಕೆಡಿಸಿದ್ದು, ಇನ್ನೂ ಸರಿಯಾಗುತ್ತಿಲ್ಲ. ನನ್ನ ಮೈ ಉರಿಯಿತು. "ಪ್ಯಾನೆಲ್ ಬಿಚ್ಚಿ ಕೆಳಗೆ ಕೊಡಿ" ಎಂದೆ.

ಟೇಪು ಹಾಗೇ ಇತ್ತು. ಹಿಂದೆ ಕಂಪ್ರೆಸರ್ ಬದಲಿಸಿದಾಗ ಮೆಕ್ಯಾನಿಕ್ ಅದನ್ನು ಯಾವುದೋ ಮಂತ್ರವೆಂದು ತಿಳಿದು ಕೈ ಹಚ್ಚಿರಲಿಲ್ಲವಂತೆ. ನಾನು ಗಟ್ಟಿಯಾಗಿ ಓದಿದೆ: "ಲಾಫ್ಟಿಗೆ ಜಾಲಿ ಇಲ್ಲ. ಬಿಸಿಗಾಳಿಗೆ ದಾರಿ ಇಲ್ಲ. ಗ್ಯಾಸು ಸರಿ ಇದೆ. ಧಣಿಗೆ ಎರಡು ಸಲ ಹೇಳಿದ್ದೇನೆ. ಬೇಡ ಎಂದರು." ಆಮೇಲೆ ಒಂದೊಂದೇ ಮಾತನ್ನು ಹಿಂದಿಯಲ್ಲಿ ಹೇಳಿದೆ. ಕೆಳಗಿದ್ದ ತಾರೀಖು ಮೊದಲ ಕಂಪ್ರೆಸರ್ ಸುಡುವುದಕ್ಕೆ ಒಂದು ತಿಂಗಳು ಹಿಂದಿನದು. ಸಾಹೇಬ, ಇದೆಲ್ಲ ಸುಳ್ಳು, ಇವಳೂ ಅವನ ಭಾಷೆಯವಳೇ ಎಂದ. ಮೇಡಂಗೆ ಕನ್ನಡ ಬಾರದು. ಕನ್ನಡಕ ಏರಿಸಿ ಅಕ್ಷರಗಳನ್ನೇ ನೋಡಿದರು. ಗಂಡನನ್ನೂ ಕರೆದು ತೋರಿಸಿದರು. ಬಳಿಕ ಸಾಹೇಬನ ಕಡೆ ತಿರುಗಿ, "ಈ ಕೈ ನಡುಗುತ್ತಿತ್ತೇ?" ಎಂದು ಕೇಳಿದರು. ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ನಾನು ಕಣ್ಣು ತುಂಬ ನೋಡಿದೆ.

ಅಲ್ಲೇ ಕೆಲಸ ಬಿಟ್ಟು, ಅಲ್ಲಿಂದಲೇ ಭಾಂಡುಪಿಗೆ ಹೋದೆ. ವಾಸಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ವಿಷಯ ಹೇಳಿದರೆ ಕಣ್ಣೀರು ಹಾಕಬಹುದು ಅಂದುಕೊಂಡಿದ್ದೆ. ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಧಣಿಯ ಮುಖ ಎಂತ ಆಯ್ತು? ನಿಧಾನ ಹೇಳು."

ಹೇಳಿದೆ. ಮತ್ತೊಮ್ಮೆ ಹೇಳಿಸಿದರು. ಬದನೆಕಾಯಿಗೆ ಬಂದಾಗ ಕಣ್ಣು ಮುಚ್ಚಿ ತಲೆದೂಗಿದರು. ಚಹಾದ ಲೋಟ ಎತ್ತಿದರು. ಚಹಾ ಬನಿಯನ್ನಿನ ಮೇಲೆ ಚೆಲ್ಲಿತು.

"ಈಗ ನಡುಗ್ತದೆ. ಆಗ ನಡುಗ್ತಿರಲಿಲ್ಲ" ಎಂದರು.

"ಗೊತ್ತು ವಾಸಣ್ಣ. ನಾನು ಮೊದಲೇ ಹೋಗಿ ನೋಡಬೇಕಿತ್ತು."

"ಹೌದು, ಹೋಗ್ಬೇಕಿತ್ತು" ಎಂದರು. ಪರವಾಗಿಲ್ಲ ಎನ್ನಲಿಲ್ಲ. ಬನಿಯನ್ ಒರೆಸಿಕೊಳ್ಳುತ್ತ ಕೇಳಿದರು, "ಅವತ್ತು ವರ್ಕ್‌ಶಾಪಲ್ಲಿ ಎಷ್ಟು ಜನರ ಎದುರು ಹೇಳಿದ್ದು?"

"ಐದು."

"ಇವತ್ತು ಕೇಳಿದ್ದು?"

"ಮೇಡಂ, ಅವರ ಗಂಡ, ಮೆಕ್ಯಾನಿಕ್. ಮೂರು."

"ಮತ್ತೆಂತ ಇಲ್ಲಿ ಬಂದು ಕೂತಿದ್ದಿ? ಇನ್ನೂ ಇಬ್ರು ಉಂಟಲ್ಲ."

ಅದೇ ನಮ್ಮ ಕೊನೆಯ ಭೇಟಿ. ಮಳೆಗಾಲ ಮುಗಿಯುವ ಮೊದಲೇ ವಾಸಣ್ಣ ತೀರಿಕೊಂಡರು. ಸಾಹೇಬ ಚಾಳಿಗೆ ದೊಡ್ಡದೊಂದು ಹೂವಿನ ಹಾರ ಕಳಿಸಿದ್ದ. ನಾನು ಅದನ್ನು ಒಳಗೆ ಬಿಡಲಿಲ್ಲ. ಹೊರಗಿನ ನಲ್ಲಿಗೆ ನೇತುಹಾಕಿದೆ. ಯಾರದೋ ಮೇಕೆ ತಿಂದಿತು.

ವಾಸಣ್ಣ ಲೆಕ್ಕ ಹಾಕಿದ ಆ ಇನ್ನಿಬ್ಬರಿಗೆ ಹೇಳುವುದು ವಾರದೊಳಗೇ ಮುಗಿದಿತ್ತು. ಆದರೂ ನಾನು ನಿಲ್ಲಿಸಿಲ್ಲ. ಈಗಿನ ಕಂಪನಿಗೆ ಹೊಸ ಮೆಕ್ಯಾನಿಕ್ ಬಂದರೆ ಮೊದಲು ಮಷೀನಿನ ಹಿಂದೆ ನಿಲ್ಲಿಸಿ ಈ ಕಥೆ ಹೇಳುತ್ತೇನೆ, ಸಾಹೇಬನ ಹೆಸರು, ಊರು ಸಮೇತ. ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಎದುರಿಗೆ ಸಿಕ್ಕಾಗ ಕೇಳಿ, ಹೇಳುತ್ತೇನೆ.