ಪಂಚಶೀಲಾ ಟೀಚರ್ ನಂಬಿದ ಅಂಕಗಳು

ಪಂಚಶೀಲಾ ಟೀಚರ್ ಬಸ್ಸಿನಲ್ಲಿ ನಿದ್ದೆ ಮಾಡುವುದಿಲ್ಲ. ಕಲಬುರಗಿಯಿಂದ ಕಮಲಾಪುರದವರೆಗೆ ಕಿಟಕಿ ನೋಡುತ್ತ ತುಟಿ ಅಲ್ಲಾಡಿಸುತ್ತಿರುತ್ತಾರೆ. ಮೊದಮೊದಲು ಜಪ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮಕ್ಕಳ ಹೆಸರುಗಳು.

ಕುಸನೂರಿನವರು. ತಂದೆ ಪೀರಪ್ಪ ಕಪನೂರಿನ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡಿ ಓದಿಸಿದರು. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷೊಂದರಲ್ಲೇ ಫೇಲ್. ಎಲ್ಲಿ ತಪ್ಪಿತೆಂದು ಯಾರೂ ಹೇಳಲಿಲ್ಲವಂತೆ. ಅದಕ್ಕೇ ಕಮಲಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದ ಮೇಲೆ ಪ್ರತಿ ಟೆಸ್ಟಿನ ಅಂಕಗಳನ್ನು ಪ್ರಶ್ನೆವಾರು ಬಿಡಿಸಿ ಬರೆಯತೊಡಗಿದರು: ಪತ್ರಕ್ಕೆಷ್ಟು, ಪದ್ಯಕ್ಕೆಷ್ಟು, ವ್ಯಾಕರಣಕ್ಕೆಷ್ಟು. ಅದನ್ನು ನೋಡಿ ಮಕ್ಕಳಲ್ಲಿ ಮೂರು ಗುಂಪು. ಹಿಂದುಳಿದವರಿಗೆ ದಿನಾ ಪತ್ರ, ಪದ್ಯ. ಮುಂದಿದ್ದ ಮೊದಲನೇ ಗುಂಪಿಗೆ ನೇರ ಪ್ರಬಂಧ. ಹೋದ ವರ್ಷ ಅತಿಥಿ ಶಿಕ್ಷಕಿಯಾಗಿ ಸೇರಿದ ನಾನು ಆ ಅಂಕಗಳನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಿದ್ದೆ.

ಮಹಾಗಾಂವದ ಪ್ರಿಯದರ್ಶಿನಿಗೆ ಶಾಲೆಯ ಟೆಸ್ಟಿನಲ್ಲಿ ನಲವತ್ತಕ್ಕೆ ಮೂವತ್ತೊಂದು. ಮೊದಲನೇ ಗುಂಪು. ಬೋರ್ಡ್ ಪರೀಕ್ಷೆಯಲ್ಲಿ ಕೋಣೆಗೊಂದು ಕ್ಯಾಮೆರಾ, ಬೆಂಚಿಗೊಬ್ಬರು. ಫಲಿತಾಂಶ ಬಂದಾಗ ಎಂಬತ್ತಕ್ಕೆ ಹನ್ನೊಂದು.

ಟೀಚರ್ ಆ ಟೆಸ್ಟಿನ ಉತ್ತರಪತ್ರಿಕೆಗಳ ಬಂಡಲು ಬಿಚ್ಚಿಸಿದರು. ಪ್ರಿಯದರ್ಶಿನಿಯದನ್ನೂ ಅವಳ ಪಕ್ಕ ಕೂರುತ್ತಿದ್ದ ಅಮೀನಾಳದನ್ನೂ ಜೋಡಿಸಿಟ್ಟರು. ಸರಿ ಉತ್ತರಗಳಷ್ಟೇ ಅಲ್ಲ, ತಪ್ಪುಗಳೂ ಒಂದೇ. ಅಮೀನಾ ಹೊಡೆದು ಹಾಕಿದ್ದ ಸಾಲನ್ನು ಇವಳೂ ಬರೆದು ಹೊಡೆದು ಹಾಕಿದ್ದಳು. ನಮ್ಮ ಪಟ್ಟಿಯಲ್ಲಿ ತಪ್ಪುಗಳಿಗೆ ಜಾಗವೇ ಇರಲಿಲ್ಲ.

ನಾನು ಮೇಲಿನ ತಾರೀಖು ನೋಡಿದೆ. ಅವತ್ತು ಆ ಕೋಣೆಯಲ್ಲಿ ಮೇಲ್ವಿಚಾರಣೆಗೆ ಇದ್ದವಳು ನಾನು. ಮಗನಿಗೆ ಜ್ವರ; ಅತ್ತೆ ಕಳಿಸುವ ಮೆಸೇಜು ನೋಡುತ್ತ ಪೂರ್ತಿ ಒಂದೂವರೆ ತಾಸು ಕಳೆದಿದ್ದೆ.

ಹೇಳಿಬಿಟ್ಟೆ. ಟೀಚರ್ ಬಯ್ಯಲಿಲ್ಲ.

"ನೀ ಮೊಬೈಲ್ ನೋಡಿದಿ, ನಾ ಹಾಳಿ ನೋಡಿದ್ನಿ. ಆ ಹುಡುಗಿನ್ನ ಯಾರ್ ನೋಡಿದ್ರು?"

ಫೇಲಾದವರಿಗೆ ಬೋರ್ಡು ಮತ್ತೆರಡು ಅವಕಾಶ ಕೊಡುತ್ತದೆ; ಎರಡನೇ ಪರೀಕ್ಷೆಗೆ ಮೂರು ವಾರವಿತ್ತು. ಹೇಗಾದರೂ ಅವಳನ್ನು ಕೂರಿಸಲೇಬೇಕೆಂದು ಇಬ್ಬರೂ ಮಹಾಗಾಂವಕ್ಕೆ ಹೋದೆವು. ತಾಯಿ ದುಂಡಮ್ಮ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು.

"ಬರ್ರೀ ಟೀಚರ್. ನಿಮ್ಮ ಕಂಪ್ಯೂಟರ್ ನನ್ನ ಮಗಳಿಗಿ ಶಾಣ್ಯಾಕಿ ಅಂದಿತ್ತಂತಲ್ಲ? ಪರೀಕ್ಷಾನೂ ಅದಕ್ಕೇ ಬರಸಬೇಕಿತ್ತು ನೋಡ್ರಿ!"

ಪ್ರಿಯದರ್ಶಿನಿ ಬಾಗಿಲ ಹಿಂದಿನಿಂದಲೇ ಹೇಳಿದಳು, "ನಾ ಬರಂಗಿಲ್ರೀ."

"ಯಾಕವ್ವ ಅಮೀನಾಂದು ನೋಡಿ ಬರದಿ? ನನಗ ಬರಂಗಿಲ್ಲಂತ ಹೇಳಬಾರದಿತ್ತಾ?" ಟೀಚರ್ ಕೇಳಿದರು.

"ನೀವು ಎಲ್ಲಿ ಕೇಳಿದ್ರಿ? ನನಗ ಇಂಗ್ಲಿಷ್ ಓದಾಕೇ ಬರಂಗಿಲ್ರೀ. ಮೂವತ್ತೊಂದು ಬಂದಾವ ಶಭಾಷ್ ಅಂದ್ರಿ. ಅವ್ವಗೂ ಹೇಳಿದ್ರಿ. ಆಮ್ಯಾಲ ಹ್ಯಾಂಗ ಹೇಳ್ಲಿ?"

ಟೀಚರ್ ಅಲ್ಲೇ ಹೊಸ್ತಿಲ ಮೇಲೆ ಕೂತು ಚೀಲದಿಂದ ಪಠ್ಯಪುಸ್ತಕ ತೆಗೆದರು. ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಹುಡುಗಿ ಬಂದು ಪಕ್ಕ ಕೂತಳು. ಮೂರು ಶಬ್ದ ಓದಿದಳು, ನಾಲ್ಕನೆಯದಕ್ಕೆ ನಿಂತಳು. ದುಂಡಮ್ಮನ ಕೈಯಲ್ಲಿದ್ದ ಮೊರವೂ ನಿಂತಿತು. ಹತ್ತು ವರ್ಷ ಶಾಲೆಗೆ ಹೋದ ಮಗಳು ಓದುವುದನ್ನು ಆಕೆಯೂ ಮೊದಲ ಬಾರಿ ಕೇಳುತ್ತಿದ್ದಳೇನೋ.

ಮೂರು ವಾರ ದಿನಾ ಸಂಜೆ ಟೀಚರ್ ಮಹಾಗಾಂವದಲ್ಲಿ ಇಳಿದರು. ಪ್ರಿಯದರ್ಶಿನಿ ಪರೀಕ್ಷೆಗೆ ಕೂತಳು. ಇಪ್ಪತ್ತೆರಡು ಬಂತು. ಪಾಸಿಗೆ ಇನ್ನೂ ಆರು ಬೇಕಿತ್ತು.

ಫೋನಿನಲ್ಲಿ ಅವಳೇ ಟೀಚರಿಗೆ ಸಮಾಧಾನ ಹೇಳಿದಳು, "ಇಪ್ಪತ್ತೆರಡೂ ನನ್ನವೇ ಅದಾವ್ರೀ. ಮೂರನೇದೂ ಬರೀತೀನಿ."

ನಾನು ಖುಷಿಯಿಂದ ಅತ್ತೇಬಿಟ್ಟೆ. ಟೀಚರ್ ಅಳಲಿಲ್ಲ, ನಗಲೂ ಇಲ್ಲ. ಹೀಗೆ ಇನ್ನೆಷ್ಟು ಮಕ್ಕಳಿದ್ದರೋ ಎಂದು ಮರುದಿನ ಶಾಲೆಗೆ ಹೋಗಿ ಹಿಂದಿನ ವರ್ಷಗಳ ಬಂಡಲು ಕೇಳಿದರು. ಜವಾನ ದೌಲಪ್ಪ, "ಅವು ಯಾವಾಗೋ ರದ್ದಿಗಿ ಹೋದವ್ರೀ ಮೇಡಂ," ಅಂದ.

ಈಗ ಬಸ್ಸಿನಲ್ಲಿ ಅವರ ತುಟಿಯ ಮೇಲೆ ನನಗೆ ಗೊತ್ತಿಲ್ಲದ ಹಳೆಯ ಮಕ್ಕಳ ಹೆಸರುಗಳು. ನಿನ್ನೆ ತಟ್ಟನೆ ನನ್ನ ಕೈ ಹಿಡಿದರು.

"ಆ ಭಾಗಮ್ಮ ಇದ್ದಳಲ್ಲ, ಫೇಲಾಗಿ ಶಾಲಿ ಬಿಟ್ಟಾಕಿ. ಆಕಿಗಿ ಓದಾಕ ಬರ್ತಿತ್ತೇನು?"

ನನಗೇನು ಗೊತ್ತು? ನಾನು ಆಗ ಈ ಶಾಲೆಯಲ್ಲಿ ಇರಲೇ ಇಲ್ಲ. ಹಾಗಂತ ಹೇಳಿದೆ. ಅವರು ಕೈ ಬಿಡಲಿಲ್ಲ.